ಮುಂಭಾರ

ನನ್ನ ಕಾಯಿಲೆಯ ಹೆಸರನ್ನು ಇವತ್ತಿಗೂ ಒಂದೇ ಉಸಿರಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಇಬ್ಬರು ಡಾಕ್ಟರುಗಳ ಹೆಸರನ್ನು ಜೋಡಿಸಿ ಇಟ್ಟ ಹೆಸರಂತೆ ಅದು. ಕೊಯಮತ್ತೂರಿನ ಆಸ್ಪತ್ರೆಯ ಫೈಲಿನಲ್ಲಿ ಇಂಗ್ಲಿಷಿನಲ್ಲಿ ಬರೆದಿದೆ, ಫೈಲು ಬೀರುವಿನ ಮೇಲಿದೆ. ನಮ್ಮೂರಿನವರಿಗೆ ಅಷ್ಟೆಲ್ಲ ತಾಳ್ಮೆ ಎಲ್ಲಿಯದು? ಮೊದಲನೆಯ ವಾರವೇ ಒಂದು ಸುಲಭದ ಹೆಸರಿಟ್ಟುಬಿಟ್ಟರು: ‘ಕ್ಯಾಮ್ರಾ ಕಾಯ್ಲ’. ನೋವಿಗಿಂತ ಈ ಹೆಸರೇ ನನ್ನನ್ನು ಹೆಚ್ಚು ದಿನ ಕಾಡಿತು. ಹೀಗೆಯೇ ತೋಳು ಬಿದ್ದುಹೋಗಿ, ಅದಕ್ಕೆ ತಾವೇ ಕಾರಣ ಎಂದು ನಂಬಿಕೊಂಡು ಮೂಲೆ ಹಿಡಿದವರು ಬೇರೆ ಕಡೆಯೂ ಇರಬಹುದು. ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತಂತಾಗಲಿ ಎಂದು ಬರೆಯುತ್ತಿದ್ದೇನೆ.

ತಮಿಳುನಾಡಿಗೆ ಸೇರಿದರೂ ಕನ್ನಡ ಮಾತಾಡುವ ನಮ್ಮ ತಾಳವಾಡಿಯ ಬಜಾರಿನಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಪಾಸ್‌ಪೋರ್ಟ್ ಅಳತೆಯ ಫೋಟೊ, ಮದುವೆ, ನಾಮಕರಣ. ಊರಿನಲ್ಲಿ ರಾಗಿ, ಅರಿಶಿನ ಬೆಳೆಯುವಷ್ಟು ಹೊಲ. ಇವೆರಡೂ ಹೊಟ್ಟೆಗೆ. ಮನಸ್ಸಿಗೆ ಎಂದು ಇದ್ದದ್ದು ನನ್ನ ಉದ್ದದ ಲೆನ್ಸು. ಮೊಳಕೈಯಿಂದ ಬೆರಳ ತುದಿಯವರೆಗಿನ ಉದ್ದ, ಮುಂದೆ ಊಟದ ಬಟ್ಟಲಿನಷ್ಟು ಅಗಲದ ಗಾಜು. ಚಳಿಗಾಲದಲ್ಲಿ ನಮ್ಮ ರಾಗಿ ಹೊಲಗಳ ಮೇಲೆ ಸೆಳೆವ ಎನ್ನುವ ಬೇಟೆಹಕ್ಕಿ ನೆಲಕ್ಕೆ ತೀರಾ ಹತ್ತಿರದಲ್ಲಿ ತೇಲಿಕೊಂಡು ಹೋಗುತ್ತದೆ. ಅದನ್ನು ಹಿಡಿಯಬೇಕಾದರೆ ಮುಕ್ಕಾಲಿ ಸ್ಟ್ಯಾಂಡು ನೆಟ್ಟುಕೊಂಡು ಕೂತರೆ ಆಗದು. ಕ್ಯಾಮೆರಾ ಕೈಯಲ್ಲಿರಬೇಕು, ಹಕ್ಕಿ ತಿರುಗಿದ ಹಾಗೆ ಸೊಂಟ ತಿರುಗಬೇಕು.

ಲೆನ್ಸನ್ನು ಸಿಕ್ಕಿಸುವ ಹಿಂದಿನ ಪೆಟ್ಟಿಗೆಗೆ ನಮ್ಮ ಕಸುಬಿನಲ್ಲಿ ಬಾಡಿ ಅನ್ನುತ್ತೇವೆ. ನನ್ನ ಬಾಡಿ ಹಳೆಯ ಕಾಲದ್ದು, ಕೆಳಗೆ ಇನ್ನೊಂದು ಹಿಡಿ ಇರುವಂಥದ್ದು, ಲೋಹದ್ದು. ನನ್ನ ಹೆಂಡತಿ ಮಂಗಳಾ ಅದಕ್ಕೆ ಇಟ್ಟಿಗೆ ಎಂದು ಕರೆಯುತ್ತಿದ್ದಳು. “ಇಟ್ಗ ತಕಂಡ್ ಒಂಟ್ರಾ?” ಎಂದು ಬೆಳಿಗ್ಗೆ ಬೆಳಿಗ್ಗೆ ಕೇಳುವುದು, ನಾನು ಉರಿದುಕೊಳ್ಳುವುದು, ಅವಳು ನಕ್ಕು ಕಾಫಿ ಕೊಡುವುದು. ನಮ್ಮ ಸಂಸಾರ ಹೀಗೆ ಚೆನ್ನಾಗಿಯೇ ನಡೆಯುತ್ತಿತ್ತು.

ಆ ವರ್ಷ ಮಳೆ ಮುಗಿಯುವ ಹೊತ್ತಿಗೆ ನನಗೊಂದು ಜ್ವರ ಬಂತು. ಮನೆಮನೆಗೂ ಬಂದಿದ್ದ ಸಾಮಾನ್ಯ ಜ್ವರ, ವಾರಕ್ಕೆ ಬಿಟ್ಟಿತು. ಬಿಟ್ಟು ಮೂರು ದಿನಕ್ಕೆ, ಬೆಳಗಿನ ಜಾವ, ಎಡಗಡೆಯ ಭುಜದಲ್ಲಿ ನೋವು ಹತ್ತಿಕೊಂಡಿತು. ಹಲ್ಲುನೋವು ಬಂದವರಿಗೆ ಗೊತ್ತು, ನೋವು ಇರುವ ಜಾಗ ಬಿಟ್ಟು ಮಿಕ್ಕ ದೇಹವೇ ಇಲ್ಲ ಅನ್ನಿಸುತ್ತದೆ. ಅಂಥ ಹಲ್ಲುನೋವು ಭುಜಕ್ಕೆ ಬಂದಿತ್ತು. ಮಲಗಲಾರೆ, ಕೂರಲಾರೆ. ನಾನು ಅತ್ತೆ. ನಲವತ್ತೆಂಟು ವರ್ಷದ ಗಂಡಸು, ಹಟ್ಟಿಯ ಕಂಬಕ್ಕೆ ಒರಗಿ, ಹಸು ನೋಡುತ್ತಿರುವಾಗ ಗೊಳೋ ಎಂದು ಅತ್ತೆ.

ನನ್ನ ತಾಯಿಗೆ ಎಪ್ಪತ್ತೈದು ದಾಟಿದೆ. ಅವ್ವ ವಿಭೂತಿ ತಂದು ಭುಜಕ್ಕೆ ಬಳಿದಳು. ಬಳಿಯುತ್ತಲೇ ಬೈದಳು.

“ಆ ಕಲ್ಲ ಎತ್ಕಂಡು ಎತ್ಕಂಡು ರಟ್ಟ ಕಿತ್ಕಂಡೋಯ್ತು ಕಣ್ ಮಗ. ನಾನು ಬಡ್ಕಂಡಿ, ನೀನು ಕೇಳ್ನಿಲ್ಲ.”

ಅವಳು ಹೇಳಿದ್ದನ್ನೇ ಊರೂ ಹೇಳಿತು. ತಾಳವಾಡಿಯ ಕ್ಲಿನಿಕ್ಕಿನಲ್ಲಿ ಉಳುಕು ಎಂದು ಸೂಜಿ ಹಾಕಿದರು. ಜೀರಹಳ್ಳಿ ಕಡೆಯ ಒಬ್ಬರು ಎಣ್ಣೆ ನೀವಿದರು, ಪಾಪ ಒಳ್ಳೆಯ ಮನುಷ್ಯ, ನೀವುವಾಗ ನನಗಿಂತ ಅವರೇ ಹೆಚ್ಚು ನರಳುತ್ತಿದ್ದರು. ಎಲ್ಲರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಕ್ಯಾಮೆರಾ ಎಷ್ಟು ಭಾರ ಇತ್ತು ಎಂದು. ಕೇಳಿ ಕೇಳಿ ನಾನೂ ನಂಬಿಬಿಟ್ಟೆ. ನನ್ನ ಚಟಕ್ಕೆ ನಾನೇ ತೋಳು ತೆತ್ತೆ ಎಂದುಕೊಂಡೆ.

ಮೂರನೆಯ ವಾರ ನೋವು ಇಳಿಯಿತು. ನಾನು ಖುಷಿಯಿಂದ ಸ್ನಾನಕ್ಕೆ ಹೋದೆ. ತಲೆ ಒರೆಸಿಕೊಳ್ಳಲು ಟವೆಲನ್ನು ಎತ್ತಿದೆ. ಬಲಗೈ ಮಾತ್ರ ಮೇಲೆ ಹೋಯಿತು. ಎಡಗೈಗೆ ನಾನು ಹೇಳಿದ್ದು ಕೇಳಿಸಲೇ ಇಲ್ಲ. ಇನ್ನೊಮ್ಮೆ ಹೇಳಿದೆ. ಬೆರಳು ಅಲ್ಲಾಡುತ್ತಿದ್ದವು, ಮುಷ್ಟಿ ಹಿಡಿಯುತ್ತಿತ್ತು, ಆದರೆ ತೋಳು ಪಕ್ಕೆ ಬಿಟ್ಟು ಮೇಲೇಳಲಿಲ್ಲ. ನೋವೇ ಇರಲಿಲ್ಲ, ಅದೇ ಹೆದರಿಕೆ. ಮಂಗಳಾ ಬಂದು ನೋಡಿದಾಗ ನಾನು ಒದ್ದೆ ತಲೆಯಲ್ಲಿ ಹಾಗೇ ನಿಂತಿದ್ದೆನಂತೆ.

ಅದಾಗಿ ಕೆಲವು ದಿನಕ್ಕೇ ದೀಪಾವಳಿ. ಹಬ್ಬದ ಬೆನ್ನಿಗೇ ಗುಮಟಾಪುರದಲ್ಲಿ ಸಗಣಿ ಹಬ್ಬ. ಬೀರೇಶ್ವರನ ಗುಡಿಯ ಹತ್ತಿರ ಸಗಣಿಯನ್ನು ಗುಡ್ಡೆ ಹಾಕಿ, ಗಂಡಸರೆಲ್ಲ ಉಂಡೆ ಕಟ್ಟಿ ಒಬ್ಬರಿಗೊಬ್ಬರು ಎಸೆದಾಡುತ್ತಾರೆ. ಅದು ಮೈಗೆ ಬಿದ್ದರೆ ಕಾಯಿಲೆ ಕಳೆಯುತ್ತದೆ ಎಂದು ನಂಬಿಕೆ. ನನ್ನ ಅಕ್ಕನನ್ನು ಕೊಟ್ಟಿರುವುದು ಅಲ್ಲಿಗೇ. ಭಾವನ ಮನೆಯ ತಾರಸಿಯಿಂದ ಇಡೀ ಆಟ ಕಾಣುತ್ತದೆ. ಎಷ್ಟೋ ವರ್ಷಗಳಿಂದ ನಾನು ಉಂಡೆ ಎಸೆದವನಲ್ಲ. ತಾರಸಿಯ ಮೇಲೆ ನಿಂತು, ಉದ್ದದ ಲೆನ್ಸಿನಲ್ಲಿ, ಆ ಹಸಿರು ಮೆತ್ತಿದ ಮುಖಗಳಲ್ಲಿ ನಗುವ ಹಲ್ಲುಗಳನ್ನು ಹಿಡಿಯುವುದೇ ನನ್ನ ಹಬ್ಬ.

ಆ ಸಲ ಭಾವ ಬಿಡಲಿಲ್ಲ. ನಾಗಪ್ಪ ಭಾವನಿಗೆ ಅರವತ್ತಾಗಿದೆ, ಆದರೆ ಹಬ್ಬದ ಗುಡ್ಡೆಗೆ ಸಗಣಿ ಹೊಡೆಯುವುದು ಇವತ್ತಿಗೂ ಅವರದೇ ಎತ್ತಿನ ಗಾಡಿ.

“ಒಂದ್ಸಲ ಗುಡ್ಡಲಿ ಬಿದ್ ಎದ್ ಬಾರ್ಲಾ ಮಲ್ಲಾ. ಯಾವ್ ನರ ಆದ್ರೂ ಅದರ್ಕಂಡು ಎದ್ ಕೂತ್ಕತದ,” ಎಂದರು.

ನಾನು ಇಳಿದೆ. ಎಡಗೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ಇಳಿಬಿಟ್ಟುಕೊಂಡು ಗುಡ್ಡೆಯ ಅಂಚಿನಲ್ಲಿ ನಿಂತೆ. ಸುತ್ತ ಎಲ್ಲರೂ ರಪರಪನೆ ಬಾರಿಸಿಕೊಳ್ಳುತ್ತಿದ್ದಾರೆ. ನನ್ನ ಕಡೆಗೆ ಬರುವ ಉಂಡೆ ಮಾತ್ರ ಬಲಗಡೆಗೇ ಬರುತ್ತಿತ್ತು, ಅದೂ ದೇವರಿಗೆ ಹೂವು ಹಾಕಿದ ಹಾಗೆ. ನನ್ನ ಜೊತೆ ಓದಿದವನೊಬ್ಬ ದೊಡ್ಡ ಉಂಡೆ ಎತ್ತಿಕೊಂಡು, ನನ್ನ ಮುಖ ನೋಡಿ, ಅರ್ಧ ಮುರಿದು ಕೆಳಗೆ ಹಾಕಿ ಇನ್ನರ್ಧ ಎಸೆದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವರೆಲ್ಲ ಪ್ರೀತಿಯಿಂದಲೇ ಹಾಗೆ ಮಾಡಿದ್ದು ಎಂದು ಗೊತ್ತಿದ್ದರೂ ಬಂತು. ಮನೆಗೆ ಬಂದು ಮೈತೊಳೆದುಕೊಂಡಾಗ ನೀರು ಹೆಚ್ಚು ಖರ್ಚಾಗಲೇ ಇಲ್ಲ.

ಆಮೇಲೆ ಕೊಯಮತ್ತೂರು. ದಿಂಬಂ ಘಾಟಿಯ ತಿರುವುಗಳಲ್ಲಿ ಬಸ್ಸು ವಾಲಿದಾಗಲೆಲ್ಲ ನನ್ನ ಎಡಗೈ ತನಗೆ ಬೇಕಾದ ಕಡೆಗೆ ಹೋಗುತ್ತಿತ್ತು. ಬಲಗೈಯಲ್ಲಿ ಅದನ್ನು ಮಡಿಲಲ್ಲಿ ಹಿಡಿದುಕೊಂಡು ಕೂತಿದ್ದೆ, ಬೇರೆಯವರ ಗಂಟು ಕಾಯುವವನ ಹಾಗೆ. ಕಂಡಕ್ಟರು ನೋಡಿದರು. ಏನೂ ಕೇಳದೆ, ಎಡಗಡೆಯ ಕಿಟಕಿ ಸೀಟಿನಲ್ಲಿದ್ದವರನ್ನು ಎಬ್ಬಿಸಿ, ತೋಳು ಗೋಡೆಗೆ ಒರಗುವ ಹಾಗೆ ನನ್ನನ್ನು ಕೂರಿಸಿದರು. ಆ ಕಾಯಿಲೆಯುದ್ದಕ್ಕೂ ನನಗೆ ಸಿಕ್ಕ ಅತ್ಯುತ್ತಮ ಚಿಕಿತ್ಸೆಗಳಲ್ಲಿ ಅದೂ ಒಂದು.

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಸಾಲಾಗಿ ಕಬ್ಬಿಣದ ಕುರ್ಚಿಗಳು. ಟೋಕನ್ ನಂಬರನ್ನು ತಮಿಳಿನಲ್ಲಿ ಕೂಗುತ್ತಿದ್ದರು. ತಮಿಳು ನಮಗೆ ಹೊಸದಲ್ಲ, ಆದರೆ ಹೆದರಿದ ಮನುಷ್ಯನಿಗೆ ಬರುವ ಭಾಷೆಯೂ ಮರೆತುಹೋಗುತ್ತದೆ. ನನ್ನ ನಂಬರು ಕೂಗಿದ್ದು ತಿಳಿಯದೆ ಎರಡು ಸಲ ತಪ್ಪಿಸಿಕೊಂಡೆ. ಪಕ್ಕದಲ್ಲಿ ಸತ್ಯಮಂಗಲದ ಒಬ್ಬ ಟೈಲರು ಕೂತಿದ್ದರು, ಬಲಗೈ ನಡುಗುತ್ತಿತ್ತು. ಅವರು ನನ್ನ ಚೀಟಿಯನ್ನು ಕೇಳಿ ಇಸಕೊಂಡು, ನನ್ನ ನಂಬರಿಗೂ ಕಿವಿಯಿಟ್ಟು ಕೂತರು. ದಿನಾ ಬೆಳಿಗ್ಗೆ ಎದ್ದ ತಕ್ಷಣ ತಮ್ಮ ಕೈಗೆ ವಣಕ್ಕಂ ಹೇಳುತ್ತಾರಂತೆ. “ಅದು ವಾಪಸ್ ಹೇಳುತ್ತದಾ?” ಎಂದೆ. “ನೋಡಿ, ಎಷ್ಟು ಹೊತ್ತಿನಿಂದ ಹೇಳುತ್ತಲೇ ಇದೆ,” ಎಂದು ನಡುಗುವ ಕೈಯನ್ನು ಎತ್ತಿ ತೋರಿಸಿದರು. ನಾವಿಬ್ಬರೂ ಎಷ್ಟು ಜೋರಾಗಿ ನಕ್ಕೆವೆಂದರೆ ನರ್ಸಮ್ಮ ಬಂದು ಸುಮ್ಮನಿರಿಸಿದರು.

ಒಳಗೆ ಒಂದು ಪರೀಕ್ಷೆ ಮಾಡಿದರು. ತೆಳ್ಳನೆಯ ಸೂಜಿಯನ್ನು ತೋಳಿನ ಮಾಂಸಕ್ಕೆ ಇಳಿಸಿ, ಅಲ್ಲಿ ಏನಾಗುತ್ತಿದೆ ಎನ್ನುವುದನ್ನು ಯಂತ್ರದಲ್ಲಿ ಕೇಳುತ್ತಾರೆ. ತೋಳು ಸಡಿಲ ಬಿಡಿ ಎಂದರು. ಬಿಟ್ಟೆ. ಯಂತ್ರದಿಂದ ತಗಡಿನ ಸೂರಿನ ಮೇಲೆ ಮಳೆ ಹನಿ ಬಿದ್ದಂಥ ಸದ್ದು ಬಂತು. ಜೀವ ಇದೆ! ಸದ್ದು ಬರುತ್ತಿದೆ! ಮಂಗಳಾ ಕಡೆ ನೋಡಿ ನಕ್ಕೆ. ಸೂಜಿ ಹಿಡಿದಿದ್ದ ಹುಡುಗಿ ನಗಲಿಲ್ಲ. ಆಮೇಲೆ ತಿಳಿಯಿತು, ಸುಮ್ಮನಿದ್ದಾಗ ಚೆನ್ನಾಗಿರುವ ಸ್ನಾಯು ಸದ್ದೇ ಮಾಡುವುದಿಲ್ಲ. ನರದ ಸಂಪರ್ಕ ಕಳೆದುಕೊಂಡದ್ದು ಮಾತ್ರ ಹಾಗೆ ತನ್ನಷ್ಟಕ್ಕೆ ಪಟಪಟ ಎನ್ನುತ್ತದೆ.

ಡಾಕ್ಟರು ವಯಸ್ಸಾದವರು. ಮಾತು ಕಡಿಮೆ. ನಾನು ಅವರಿಗೆ ತಪ್ಪೊಪ್ಪಿಗೆ ಮಾಡುವವನ ಹಾಗೆ ಎಲ್ಲ ಹೇಳಿದೆ, ಕ್ಯಾಮೆರಾದ ಭಾರ, ಲೆನ್ಸಿನ ಉದ್ದ, ವರ್ಷಗಟ್ಟಲೆ ಎತ್ತಿಕೊಂಡು ತಿರುಗಿದ್ದು. ಅವರು ಪೂರ್ತಿ ಕೇಳಿಸಿಕೊಂಡು, “ಕ್ಯಾಮೆರಾನಾಲ ವರಲೆ,” ಎಂದರು. ಕ್ಯಾಮೆರಾದಿಂದ ಬಂದದ್ದಲ್ಲ. ಜ್ವರದ ಜೊತೆ ಹೋರಾಡಲು ಎದ್ದ ನನ್ನದೇ ಮೈಯಿನ ಸೈನ್ಯ, ಗುರುತು ತಪ್ಪಿ ಭುಜದ ನರಗಳ ಮೇಲೆ ಬಿದ್ದಿದೆ, ಯಾರಿಗೆ ಬೇಕಾದರೂ ಆಗಬಹುದಿತ್ತು ಎಂದರು. ಮತ್ತೆ ಬರುತ್ತದಾ ತೋಳು ಎಂದು ಮಂಗಳಾ ಕೇಳಿದಳು. ನರ ಬಹಳ ನಿಧಾನ ಬೆಳೆಯುತ್ತದೆ, ವರ್ಷ ಹಿಡಿಯಬಹುದು, ಎರಡು ಹಿಡಿಯಬಹುದು, ಪೂರ್ತಿ ಬರುತ್ತದೆ ಎಂದು ಮಾತು ಕೊಡಲಾರೆ ಎಂದರು. “ಕಾತ್ತಿರುಂಗ,” ಎಂದರು ಕೊನೆಗೆ. ಕಾಯುತ್ತಿರಿ.

ಹೊರಗೆ ಬಂದು ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ನನಗೆ ಆ ಕ್ಷಣ ಬಂದದ್ದು ದುಃಖವಲ್ಲ, ನಾನು ಮಾಡಿದ ತಪ್ಪಲ್ಲವಂತೆ ಎನ್ನುವ ಸಮಾಧಾನ. ತೋಳಿನ ಯೋಚನೆ ಆಮೇಲೆ ಬಂತು.

ಒಂದು ವಾರ ಅಲ್ಲೇ ಇಟ್ಟುಕೊಂಡು ಔಷಧಿ ಕೊಟ್ಟು ಕಳಿಸಿದರು. ಮನೆಗೆ ಬಂದು ಅವ್ವನಿಗೆ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವಳು ತಲೆಯಾಡಿಸಿ ಕೇಳಿಸಿಕೊಂಡಳು. ಕೊನೆಗೆ, “ಆಯ್ತು ಬುಡು, ಅಂದ್ರೂವ ಬಾರ ಬಾರವೇ ಕಣ,” ಎಂದಳು. ಒಬ್ಬ ಡಾಕ್ಟರಲ್ಲ, ಹತ್ತು ಡಾಕ್ಟರು ಬಂದು ಹೇಳಿದರೂ ಅವಳನ್ನು ಅಲ್ಲಾಡಿಸಲು ಆಗುತ್ತಿರಲಿಲ್ಲ.

ಅವತ್ತು ಸಂಜೆ ಕ್ಯಾಮೆರಾ ಬ್ಯಾಗನ್ನು ತೆಗೆದೆ. ಲೆನ್ಸ್ ಇತ್ತು. ಬಾಡಿ ಇರಲಿಲ್ಲ. ನಮ್ಮ ಮನೆಯ ದೊಡ್ಡ ತಪ್ಪು ಆಗಿದ್ದೇ ಅಲ್ಲಿ, ಏನೆಂದರೆ ಯಾರೂ ಯಾರನ್ನೂ ಕೇಳಲಿಲ್ಲ. ನನ್ನ ಕಣ್ಣಿಗೆ ಬೀಳದಿರಲಿ ಎಂದು ಮಂಗಳಾ ಅದನ್ನು ಯಾರಿಗೋ ಕೊಟ್ಟುಬಿಟ್ಟಿದ್ದಾಳೆ ಎಂದು ನಾನು ಅಂದುಕೊಂಡೆ. ಅವಳನ್ನು ಕೇಳಿ ನೋಯಿಸಬಾರದೆಂದು ಸುಮ್ಮನಾದೆ. ಇನ್ನು ಎತ್ತಲಾರೆನೆಂಬ ಸಂಕಟಕ್ಕೆ ನಾನೇ ಅದನ್ನು ಕಳಿಸಿಬಿಟ್ಟಿದ್ದೇನೆ ಎಂದು ಅವಳು ಅಂದುಕೊಂಡಳಂತೆ. ಅವಳೂ ಸುಮ್ಮನಾದಳು. ಮನೆಯಲ್ಲಿ ಕಾಯಿಲೆಯವರಿದ್ದರೆ ಎಲ್ಲರೂ ತೀರಾ ಒಳ್ಳೆಯವರಾಗಿಬಿಡುತ್ತಾರೆ, ಜಗಳಕ್ಕೂ ಗತಿಯಿರುವುದಿಲ್ಲ.

ತಿಂಗಳುಗಳು ಕಳೆದವು. ಸ್ಟುಡಿಯೊದಲ್ಲಿದ್ದ ಬೇರೆ ಸಣ್ಣ ಕ್ಯಾಮೆರಾದಲ್ಲಿ ಮಂಗಳಾನೇ ಪಾಸ್‌ಪೋರ್ಟ್ ಫೋಟೊ ತೆಗೆಯಲು ಕಲಿತಳು. ನನಗಿಂತ ಚೆನ್ನಾಗಿಯೇ ಜನರನ್ನು ಬೈದು ನೆಟ್ಟಗೆ ಕೂರಿಸುತ್ತಿದ್ದಳು. ಮನೆಯಲ್ಲಿ ನನ್ನ ಅಂಗಿಯ ಗುಂಡಿ ಹಾಕುವವಳು ಅವಳೇ. ನಾನು ಬೇಡ ಎಂದರೆ, “ನೀವ್ ಸುಮ್ಕಿರಿ, ನಂಗೂ ಮದ್ವ ಆದಾಗ್ಲಿಂದ ಇಷ್ಟ್ ಅತ್ರ ನಿಂತ್ಕಳಕ ಪುರ್ಸೊತ್ ಸಿಕ್ಕಿರ್ನಿಲ್ಲ,” ಎನ್ನುತ್ತಿದ್ದಳು. ದಿನಾ ಎರಡು ಹೊತ್ತು ಅಡುಗೆಮನೆಯ ಗೋಡೆಯ ಮೇಲೆ ಎಡಗೈಯ ಬೆರಳನ್ನು ನಡೆಸಬೇಕು. ಬೆರಳು ತಲುಪಿದ ಜಾಗಕ್ಕೆ ಅವಳು ಅರಿಶಿನದ ಬೊಟ್ಟು ಇಡುವಳು. ಬೇಸಿಗೆಯವರೆಗೆ ಬೊಟ್ಟುಗಳೆಲ್ಲ ಒಂದರ ಮೇಲೊಂದು, ಒಂದೇ ಜಾಗದಲ್ಲಿ. ಮುಂಗಾರಿನ ಹೊತ್ತಿಗೆ ಒಂದು ಬೊಟ್ಟು ಒಂದು ಬೆರಳಿನಗಲ ಮೇಲೆ ಹೋಯಿತು. ನಾವಿಬ್ಬರೂ ಗೋಡೆಯನ್ನೇ ನೋಡುತ್ತಾ ನಿಂತೆವು, ಒಲೆಯ ಮೇಲಿದ್ದ ಹಾಲು ಉಕ್ಕಿ ಹೋಯಿತು.

ಬೊಟ್ಟು ನನ್ನ ಹಣೆಯ ಎತ್ತರ ದಾಟಿದ ದಿನ ಮಂಗಳಾ ಒಂದು ಡಬ್ಬಿ ತಂದು ಮುಂದಿಟ್ಟಳು. ಮೈಸೂರಿನ ಅಂಗಡಿಯಿಂದ ತರಿಸಿದ ಹೊಸ ಬಾಡಿ. ಈಗಿನ ಕಾಲದ್ದು, ಅಂಗೈಯಲ್ಲಿ ಕೂರುವಂಥದ್ದು. ಹಳೆಯದರ ಅರ್ಧವೂ ಭಾರವಿಲ್ಲ. “ಇದಾದ್ರ ನೋಯಾಕಿಲ್ಲ ಅಲ್ವಾ?” ಎಂದಳು. ಅವಳ ಮುಖದಲ್ಲಿ ಆಸೆಯಿತ್ತು. ನನಗೂ ಅದೇ ಸರಿ ಅನ್ನಿಸಿತು. ತೋಳು ಸೋತಿದೆ, ಭಾರ ಕಡಿಮೆಯಾಗಬೇಕು, ಇದರಲ್ಲಿ ಯೋಚಿಸುವುದೇನಿದೆ?

ಆ ಪುಟ್ಟ ಬಾಡಿಗೆ ನನ್ನ ಉದ್ದದ ಲೆನ್ಸನ್ನು ಸಿಕ್ಕಿಸಿ ಹೊಲಕ್ಕೆ ಹೋದೆ. ಎತ್ತಿದೆ. ಮೂತಿ ನೆಲ ನೋಡಿತು. ಎಡಗೈಯಿಂದ ಕೆಳಗೆ ಆನಿಸಿ ಮತ್ತೆ ಎತ್ತಿದೆ. ಹತ್ತು ಎಣಿಸುವುದರೊಳಗೆ ಭುಜ ನಡುಗಲು ಶುರುವಾಗಿ, ಮೊಳಕೈ ಪಕ್ಕೆ ಬಿಟ್ಟು ಮುಂದೆ ಹೋಗಿ, ಕಣ್ಣ ಚೌಕಟ್ಟಿನಲ್ಲಿದ್ದ ಬೇಲಿಯ ಗೂಟ ಹುಚ್ಚು ಹಿಡಿದ ಹಾಗೆ ಕುಣಿಯಿತು. ಹಿಂದೆ ಬಲಗೈಗೂ ಹಿಡಿಯಲು ಜಾಗವಿಲ್ಲ, ಕಿರುಬೆರಳು ಗಾಳಿಯಲ್ಲಿ ತೂಗುತ್ತಿತ್ತು. ಮರುದಿನ ಹೋದೆ. ಅದರ ಮರುದಿನವೂ ಹೋದೆ. ಅಷ್ಟೇ.

ಆ ದಿನಗಳ ಬಗ್ಗೆ ಬರೆಯಲು ಕಷ್ಟ. ನೋವಿದ್ದಾಗ, ತೋಳು ಏಳದಿದ್ದಾಗ ಇರದಿದ್ದ ಹತಾಶೆ ಆಗ ಬಂತು. ಕಾದದ್ದೆಲ್ಲ ಮುಗಿದಿದೆ, ಬರಬೇಕಾದದ್ದು ಬಂದಾಗಿದೆ, ಇಷ್ಟೇ ನನ್ನ ತೋಳು ಎಂದು ತೀರ್ಮಾನಿಸಿಕೊಂಡೆ. ಇಷ್ಟು ಹಗುರವಾದದ್ದನ್ನೂ ಎತ್ತಲಾರದವನು ಇನ್ನೇನು ಎತ್ತಿಯಾನು? ಮಂಗಳಾಗೆ ಮಾತ್ರ ಚೆನ್ನಾಗಿದೆ, ಚೆನ್ನಾಗಿದೆ ಎನ್ನುತ್ತಿದ್ದೆ. ಅವಳು ಕೊಟ್ಟದ್ದನ್ನು ಹೇಗೆ ಬೇಡ ಎನ್ನಲಿ?

ಮತ್ತೆ ದೀಪಾವಳಿ ಬಂತು. ಗುಮಟಾಪುರಕ್ಕೆ ಅವ್ವ, ಮಂಗಳಾ, ನಾನು ಮೂವರೂ ಹೋದೆವು. ಇದೇ ಕೊನೆ, ಇವತ್ತೂ ಆಗದಿದ್ದರೆ ಲೆನ್ಸನ್ನು ಯಾರಿಗಾದರೂ ಕೊಟ್ಟುಬಿಡುವುದು ಎಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಿದ್ದೆ. ಭಾವನ ತಾರಸಿ ಹತ್ತಿದೆ. ಹಿಂದೆಯೇ ಬಂದ ಅವ್ವ, ಮಂಗಳಾ ಮೆಟ್ಟಿಲ ಹತ್ತಿರ ಕೂತರು. ಕೆಳಗೆ ಆಟ ಶುರುವಾಗಿತ್ತು, ಕೂಗು, ನಗು, ಬಿಸಿಲು. ಕ್ಯಾಮೆರಾ ಎತ್ತಿದೆ. ಹತ್ತು ಎಣಿಸಿದೆ. ಭುಜ ನಡುಗಿತು. ಇಳಿಸಿದೆ, ಎತ್ತಿದೆ, ಇಳಿಸಿದೆ. ಕೊನೆಗೆ ಕೈಪಿಡಿ ಗೋಡೆಯ ಮೇಲೆ ಅದನ್ನಿಟ್ಟು ಗೋಡೆಗೆ ಬೆನ್ನು ಹಾಕಿ ಕೂತುಬಿಟ್ಟೆ.

ಭಾವ ನನ್ನನ್ನು ಕೆಳಗಿನಿಂದಲೇ ನೋಡಿದ್ದಿರಬೇಕು. ತಲೆಯಿಂದ ಕಾಲಿನವರೆಗೆ ಸಗಣಿ ಮೆತ್ತಿಕೊಂಡು ಮೆಟ್ಟಿಲು ಹತ್ತಿ ಬಂದರು. ಕಣ್ಣು, ಹಲ್ಲು ಬಿಟ್ಟರೆ ಮಿಕ್ಕದ್ದೆಲ್ಲ ಹಸಿರು.

“ಯಾಕ್ಲಾ, ಕುಂತ್ಕಬುಟ್ಟೆ?”

“ಆಗಲ್ಲ ಭಾವ. ಕೈ ಬರ್ನಿಲ್ಲ. ಎತ್ತಾಕಾಗಲ್ಲ.”

ಅವರು ತಮ್ಮ ಹೆಗಲಿನಿಂದಲೇ ಒಂದು ಹಿಡಿ ಸಗಣಿ ಬಳಿದು, ಉಂಡೆ ಕಟ್ಟಿ, ನನ್ನ ಎಡಗೈಯಲ್ಲಿಟ್ಟರು.

“ಎಸಿ.”

“ಭಾವ…”

“ಎಸಿಲಾ ಅಂದ್ರ!”

ಸಿಟ್ಟಿನಲ್ಲಿ ಎದ್ದು, ಎಡಗೈ ಬೀಸಿ ಎಸೆದೆ. ಉಂಡೆ ಬೀದಿ ದಾಟಿ ಹೋಗಿ, ಹೋದ ವರ್ಷ ಉಂಡೆಯನ್ನು ಅರ್ಧ ಮುರಿದಿದ್ದನಲ್ಲ, ಅವನ ಕೆನ್ನೆಗೇ ಬಿತ್ತು. ಅವನು ತಿರುಗಿ, ತಾರಸಿಯ ಮೇಲೆ ನನ್ನನ್ನು ಕಂಡು, ಬಾಯಿ ತುಂಬ ಬೈದು, ಎರಡೂ ಕೈಯಲ್ಲಿ ಬಾಚಿಕೊಂಡು ಎಸೆದದ್ದು ನನ್ನ ಎದೆಗೆ ಧಡ್ಡನೆ ಬಡಿಯಿತು. ಉಸಿರೇ ಕಟ್ಟಿತು. ಎಷ್ಟು ಚೆನ್ನಾಗಿತ್ತು ಆ ಪೆಟ್ಟು! ನಾನು ನಗುತ್ತಿದ್ದೆ, ಕಣ್ಣಲ್ಲಿ ನೀರಿತ್ತು, ಎರಡೂ ನಿಲ್ಲುತ್ತಿರಲಿಲ್ಲ.

“ಕೈ ಬಂದದ ಕಣ್ಲಾ,” ಎಂದರು ಭಾವ. “ಕಾಯ್ಲ ಇರಾದು ಅದ್ಕ.” ಕ್ಯಾಮೆರಾ ತೋರಿಸಿದರು.

ತಾರಸಿಯ ತೊಟ್ಟಿಯ ನೀರಿನಲ್ಲಿ ಮೊಳಕೈಯವರೆಗೆ ಕೈ ತೊಳೆದು, ನನ್ನ ಟವೆಲಿನಲ್ಲಿ ಒರೆಸಿಕೊಂಡು, ಕ್ಯಾಮೆರಾವನ್ನು ಎರಡು ಬೆರಳ ಮೇಲೆ ಇಟ್ಟು ತೂಗಿದರು. ಬೆರಳು ಬಾಡಿಯ ಹತ್ತಿರವಿದ್ದರೆ ಮೂತಿ ಬೀಳುತ್ತಿತ್ತು. ಬೆರಳನ್ನು ಮುಂದೆ ಮುಂದೆ ಸರಿಸಿದರು. ಲೆನ್ಸಿನ ಅರ್ಧ ದಾಟಿ, ಇನ್ನೂ ಮುಂದೆ ಹೋದಾಗ ಅದು ಅಲ್ಲಾಡದೆ ನಿಂತಿತು.

“ಮುಂಬಾರ,” ಎಂದರು. “ಗಾಡಿಲಿ ಮೂಟನೆಲ್ಲ ಮುಂದ್ಕ ಏರುದ್ರ ಏನಾಯ್ತದ? ನೊಗ ಎತ್ತುನ್ ಕತ್ನ ಅಮುಕ್ತದ. ಅಂತ ಮೂಟ ಇಳ್ಸುದ್ರ ಆಯ್ತಾ? ಇಂದ್ಕೂ ಎಲ್ಡ್ ಮೂಟ ಆಕ್ಬೇಕು. ಬಾರ ಜಾಸ್ತಿನೇ ಆಯ್ತದ, ಆದ್ರ ಎತ್ತು ನಡೀತದ. ನೀನು ಇಂದಿನ್ ಮೂಟ ಇಳ್ಸಿ ಕುಂತಿದ್ದೈ. ಆ ಅಳೇ ಇಟ್ಗ ಎಲ್ಲಿ ಅದಲಾ?”

ನಾನು ದಂಗಾದೆ. ಕ್ಯಾಮೆರಾ ಹಿಡಿದು ಮುಕ್ಕಾಲು ಆಯಸ್ಸು ಕಳೆದವನು ನಾನು. ಹಗುರದ ಬಾಡಿ ಹಾಕಿದಾಗ ಒಟ್ಟು ತೂಕ ಕಡಿಮೆಯಾಗಿತ್ತು, ನಿಜ. ಆದರೆ ಆನಿಸುವ ಜಾಗ ಮುಂದಕ್ಕೆ ಓಡಿತ್ತು. ಅದನ್ನು ಹುಡುಕಿಕೊಂಡು ನನ್ನ ಎಡಗೈಯೂ ಮುಂದಕ್ಕೆ ಚಾಚಿತ್ತು, ಮೊಳಕೈ ಪಕ್ಕೆಯ ಆಸರೆ ಬಿಟ್ಟಿತ್ತು, ಭಾರವೆಲ್ಲ ಭುಜದ ಮೇಲೆ, ಅದೂ ಆಗತಾನೆ ಎದ್ದ ಭುಜದ ಮೇಲೆ ಬಿದ್ದಿತ್ತು. ಹಳೆಯ ಇಟ್ಟಿಗೆ ಹಿಂದೆ ಕೂತು ಎಳೆದುಕೊಳ್ಳುತ್ತಿದ್ದಾಗ ಮೊಳಕೈ ಪಕ್ಕೆಗೆ ಒರಗಿಯೇ ಇರುತ್ತಿತ್ತು. ಭುಜಕ್ಕೆ ಕೆಲಸವೇ ಇರುತ್ತಿರಲಿಲ್ಲ.

“ಹಳೇದು ಇಲ್ಲ ಭಾವ,” ಎಂದು ಮಂಗಳಾ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಿದಳು.

“ನೀವ್ ತಾನೇ ಯಾರ್ಗೋ ಕೊಟ್ಟದ್ದು?” ಎಂದಳು.

“ನಾನಾ? ನೀನಲ್ವಾ?”

ಮೆಟ್ಟಿಲ ಬಾಯಲ್ಲಿ ಕೂತಿದ್ದ ಅವ್ವ ಸೆರಗು ಸರಿಮಾಡಿಕೊಂಡು ಕೆಳಗಿಳಿದು ಹೋದಳು.

ಮಾರನೆಯ ದಿನ ಬೆಳಿಗ್ಗೆ ಊರಿಗೆ ಬಂದಾಗ ಅವ್ವ ನನ್ನನ್ನು ಒಳಗೆ ಕರೆದಳು. ನಮ್ಮ ನಡುಮನೆಯ ಮೂಲೆಯಲ್ಲಿ ರಾಗಿ ತುಂಬಿಡುವ ಮಣ್ಣಿನ ವಾಡೆ ಇದೆ, ಆಳೆತ್ತರದ್ದು. ಮುಚ್ಚಳ ತೆಗೆದು, ಭುಜದವರೆಗೆ ಕೈ ಇಳಿಸಿ, ರಾಗಿಯೊಳಗಿನಿಂದ ಒಂದು ಗಂಟನ್ನು ಎಳೆದಳು. ಹಳೆಯ ಸೀರೆಯ ತುಂಡು, ಅದರೊಳಗೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ರಾಗಿಗೆ ಹಾಕುವ ಹಾಗೆಯೇ ಹಾಕಿದ್ದ ಒಣಗಿದ ಬೇವಿನ ಸೊಪ್ಪು. ಸೊಪ್ಪಿನ ನಡುವೆ ನನ್ನ ಇಟ್ಟಿಗೆ, ಎಲ್ಲೂ ಬೂಷ್ಟು ಹಿಡಿಯದೆ.

“ಯಾವ್ದವ್ವ ಕ್ಯಾಮ್ರಾ ಅಂತ ನಾನು ಮಂಗ್ಳನ್ನ ಒಂದಿನ ಕೇಳಿದ್ದಿ. ಇದ ತೋರ್ಸುದ್ಲು,” ಎಂದಳು. “ನೀವು ಕೊಯಮತ್ತೂರ್ಗ ಓದಾಗ ನಾನೇ ಬಚ್ಚಿಟ್ಟಿ. ನನ್ ಮಗನ ತೋಳ್ನ ತಿಂದದ್ದು ಇದೇಯ ಅಂತ ಬಾವಿಗ ಎಸ್ದುಬುಡಾನ ಅಂತಲೇ ತಕಂಡಿ. ಮನಸ್ ಬರ್ನಿಲ್ಲ ಕಣಪ್ಪ. ಕೂಸ್ನ ಎತ್ಕಂಡಂಗ ಎತ್ಕಂಡ್ ತಿರುಗ್ತಿದ್ದೆ ನೀನು.”

ನನಗೆ ಸಿಟ್ಟು ಬರಬೇಕಿತ್ತು. ಆ ವರ್ಷದ ನನ್ನ ಹತಾಶೆಯಲ್ಲಿ ಎಷ್ಟೋ ದಿನಗಳು ಈ ವಾಡೆಯೊಳಗಿದ್ದವು. ಆದರೆ ಬೇವಿನ ಸೊಪ್ಪನ್ನು ನೋಡುತ್ತಾ ನಿಂತವನಿಗೆ ಸಿಟ್ಟು ಎಲ್ಲಿಂದ ಬರಬೇಕು? ಹುಳ ಹಿಡಿಯದಿರಲಿ ಎಂದು ಸೊಪ್ಪು ಹಾಕಿದ್ದಳಲ್ಲ, ಶತ್ರುವಿಗೆ.

ಅಂಗಳಕ್ಕೆ ತಂದು, ಒರೆಸಿ, ಬ್ಯಾಟರಿಗೆ ಜೀವ ತುಂಬಿಸಿ, ಲೆನ್ಸ್ ಸಿಕ್ಕಿಸಿದೆ. ಎತ್ತಿದೆ. ಮೊಳಕೈ ತಾನಾಗಿ ಬಂದು ಪಕ್ಕೆಗೆ ಒರಗಿತು. ಮೂತಿ ನೆಟ್ಟಗೆ ನಿಂತಿತು. ಹತ್ತು ಎಣಿಸಿದೆ. ಇಪ್ಪತ್ತು ಎಣಿಸಿದೆ. ಭುಜ ತುಸು ನಡುಗಿತು, ಇವತ್ತಿಗೂ ತುಸು ನಡುಗುತ್ತದೆ, ಪೂರ್ತಿ ಬರುತ್ತದೆ ಎಂದು ಡಾಕ್ಟರು ಮಾತು ಕೊಟ್ಟಿರಲಿಲ್ಲವಲ್ಲ. ಆದರೆ ಮನೆ ಮುಂದಿನ ಕಣದ ಬೇಲಿಯ ಗೂಟ ಕುಣಿಯಲಿಲ್ಲ. ಮಂಗಳಾ ಬಾಗಿಲಲ್ಲಿ ನಿಂತು, “ಇಟ್ಗನೇ ಮೇಲು ಅನ್ನಿ ಅಂಗಾರ,” ಎಂದಳು. ಅವಳ ಹಗುರದ ಕ್ಯಾಮೆರಾ ಈಗ ಸ್ಟುಡಿಯೊದಲ್ಲಿ ಅವಳ ಕೈಯಲ್ಲೇ ಇದೆ, ಪಾಸ್‌ಪೋರ್ಟ್ ಫೋಟೊಗೆ ಅದರಂಥದ್ದು ಇನ್ನೊಂದಿಲ್ಲ.

ಅವ್ವ ಪಕ್ಕದಲ್ಲೇ ನಿಂತು ನನ್ನ ಭುಜವನ್ನೇ ನೋಡುತ್ತಿದ್ದಳು. “ನಿನ್ನ ಫೋಟೊ ತೆಗೀತೀನಿ, ಕಣದ ಆಚೆ ತುದಿಗೆ ಹೋಗವ್ವ,” ಎಂದೆ. ಈ ಲೆನ್ಸಿಗೆ ಹತ್ತಿರದವರು ಕಾಣಿಸುವುದಿಲ್ಲ, ದೂರ ನಿಲ್ಲಬೇಕು. ಅವಳು ಹೊರಟಳು. ನಾಲ್ಕು ಹೆಜ್ಜೆಗೊಮ್ಮೆ ತಿರುಗಿ, “ಇಷ್ಟ್ ಸಾಕಾ?” ಎನ್ನುವಳು. “ಇನ್ನೂ ಹೋಗು,” ಎನ್ನುವೆ. ಕಣದ ತುದಿಯ ಬೇಲಿಯ ಹತ್ತಿರ ನಿಂತು ಇತ್ತ ತಿರುಗಿದಳು. ನಾನು ಕ್ಯಾಮೆರಾ ಎತ್ತಿದೆ.

“ಬಾರ ಆದ್ರ ಇಳ್ಸುಬುಡು ಕಣ್ ಮಗಾ!” ಎಂದು ಅಲ್ಲಿಂದಲೇ ಕೂಗಿದಳು.

ಆ ಫೋಟೊ ಈಗ ನನ್ನ ಸ್ಟುಡಿಯೊದ ಗೋಡೆಯ ಮೇಲಿದೆ. ಬಿಸಿಲು, ಹಿಂದೆ ಬೇಲಿ, ಅವ್ವನ ಬಾಯಿ ಅರ್ಧ ತೆರೆದಿದೆ. ಅವಳ ಬಲಗೈ ಎದೆಯ ಎತ್ತರಕ್ಕೆ ಎದ್ದಿದೆ, ಅಂಗೈ ಆಕಾಶಕ್ಕೆ ತೆರೆದಿದೆ, ಬೆರಳು ತುಸು ಬಾಗಿ ಬಿಗಿಯಾಗಿವೆ. ಫೋಟೊ ತೆಗೆಸಿಕೊಳ್ಳಲು ಬಂದವರು ಅದನ್ನು ನೋಡಿ, ಅಜ್ಜಿ ಖಾಲಿ ಕೈಯಲ್ಲಿ ಏನನ್ನು ಹಿಡಿದುಕೊಂಡಿದ್ದಾರೆ ಎಂದು ಕೇಳುತ್ತಾರೆ.

ನನ್ನ ಲೆನ್ಸನ್ನು, ಎನ್ನುತ್ತೇನೆ.